ಕಲೆ ಹೋಗಬೇಕು, ಟ್ರೇಲರ್ ಕೆಡಬಾರದು

ಎಲ್ಲಕ್ಕೂ ಕಾರಣ ಒಂದು ಕಲೆ. ಲಲಿತಕಲೆಯಲ್ಲ, ಅರವತ್ನಾಲ್ಕರ ಲೆಕ್ಕಕ್ಕೂ ಸೇರಿದ್ದಲ್ಲ. ಕ್ಯಾಪ್ಟನ್ ಮನೆಯ ಅಂಗಳದಲ್ಲಿ, ದೋಣಿ ಸಾಗಿಸುವ ಎರಡು ಚಕ್ರದ ಟ್ರೇಲರ್ ಮೇಲೆ ಕೂತಿದ್ದ ಸಣ್ಣ ಬಿಳಿ ಫೈಬರ್ ದೋಣಿಯ ಹೊಟ್ಟೆಗೆ ಹಿಡಿದಿದ್ದ ಕಲೆ. ವಾರಗಟ್ಟಲೆ ತೊಳೆಯದ ಚಹಾ ಲೋಟದ ಒಳಗಿರುತ್ತದಲ್ಲ, ಅಂಥ ಕಂದು ಪಟ್ಟೆ. ಅದರ ಕೆಳಗೆ ಒಣಗಿದ ಪಾಚಿ. ತಿರುಪುಗಳಿದ್ದ ಕಡೆಯಿಂದ ತುಕ್ಕು ಕಣ್ಣೀರಿನ ಹಾಗೆ ಇಳಿದಿತ್ತು. ನೋಡಿದವರು ಮೂಗು ಮುರಿಯುತ್ತಿದ್ದರು. ಕ್ಯಾಪ್ಟನ್‌ಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಜೀವಕ್ಕೆ ಹಾಯೆನಿಸುತ್ತಿತ್ತು.

ಯಾಕೆಂದರೆ ಕ್ಯಾಪ್ಟನ್‌ಗೆ ನೀರು ಕಂಡರೆ ಭಯ.

ಕರೆಯುವುದಕ್ಕೆ ಕ್ಯಾಪ್ಟನ್; ಕೆಲಸ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತಿಕೆ. ಊರಿಗೆಲ್ಲ ನೀರು ಕುಡಿಸುವ ಕಚೇರಿಯಲ್ಲಿ ಕೂತವನು ಮನೆಯಲ್ಲಿ ತೊಟ್ಟಿಯ ನೀರು ಅಲುಗಿದರೆ ಗೋಡೆ ಹಿಡಿದುಕೊಳ್ಳುತ್ತಿದ್ದ. ಹೆಂಡತಿಗೆ ಇದು ಗೊತ್ತಿರಲಿಲ್ಲ. ಗಂಡನ ಕಚೇರಿಯ ಬೋರ್ಡು ನೋಡಿಯೇ ಅವಳು ತವರಿನಲ್ಲಿ, "ನಮ್ಮವ್ರಿಗೆ ನೀರು ಅಂದ್ರೆ ಪ್ರಾಣ" ಎಂದು ಸಾರಿಬಿಟ್ಟಿದ್ದಳು. ಇಳಿದರೆ ಆ ಪ್ರಾಣ ಹೋಗುತ್ತದೆ ಎಂಬ ಉತ್ತರಾರ್ಧವನ್ನು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಮಗಳ ಮಾತು ಕೇಳಿದ್ದೇ ತಡ, ಮಾವ ತಮ್ಮ ದೋಣಿಯನ್ನೇ ಅಳಿಯನಿಗೆ ಉಡುಗೊರೆ ಕಳಿಸಿದರು. ದೋಣಿ ಕಂಡ ಬೀದಿಯವರು ಬಿರುದು ಕೊಟ್ಟರು.

ಅಂದಿನಿಂದ ಅವನನ್ನು ಕಾಪಾಡುತ್ತ ಬಂದದ್ದು ಆ ಕಲೆ. ಕೆರೆಗೆ ಹೋಗೋಣ ಎಂದು ಹೆಂಡತಿ ಎಂದರೆ, "ಇಷ್ಟು ಗಲೀಜು ದೋಣೀಲಿ ಕೂತ್ರೆ ನಿಮ್ಮಪ್ಪನ ಮರ್ಯಾದೆ ಏನಾಗ್ಬೇಕು?" ಎನ್ನುತ್ತಿದ್ದ. ಹಾಗಾದರೆ ಕಲೆ ತೆಗೆಯಿರಿ ಎಂದರೆ ಬತ್ತಳಿಕೆಯಿಂದ ಎರಡನೆಯ ಬಾಣ ಬರುತ್ತಿತ್ತು: "ಈ ಕಲೆ ಹೋಗೋದು ಆಸಿಡ್‌ಗೆ. ಆಸಿಡ್ ತೊಟ್ಟಿಕ್ಕಿದ್ರೆ ಟ್ರೇಲರ್ ಮೇಲಿನ ಸತುವಿನ ಲೇಪ ಎದ್ದುಹೋಗುತ್ತೆ. ಲೇಪ ಹೋದ್ರೆ ತುಕ್ಕು. ಮಾವ ಆಸೆಪಟ್ಟು ಮಾಡಿಸಿದ ಟ್ರೇಲರ್ ಕಣೇ! ಕಲೆ ಹೋಗ್ಬೇಕು, ಟ್ರೇಲರ್ ಕೆಡಬಾರದು. ದಾರಿ ಇದ್ರೆ ನೀನೇ ಹೇಳು."

ದಾರಿ ಇರಲಿಲ್ಲ. ರಜೆ ಬಂದಾಗಲೆಲ್ಲ ಅವನು ಒಂದು ಒಣಬಟ್ಟೆ ಹಿಡಿದು, ಹಾಲು ಕೊಡುವ ಹಸುವನ್ನು ಸವರುವಂತೆ ದೋಣಿಯನ್ನು ಸವರುತ್ತ ಕೂರುತ್ತಿದ್ದ. ಕಲೆಗೆ ಇಂಥ ಪೋಷಕ ಇನ್ನೊಬ್ಬ ಸಿಕ್ಕಿರಲಾರ.

ಆ ರಜಾದಿನ ಬೆಳಿಗ್ಗೆ ಹೆಂಡತಿ ಫೋನ್ ಕೆಳಗಿಟ್ಟು ಬಂದಳು.

"ರೀ, ಅಪ್ಪ-ಅಮ್ಮ ಸಾಯಂಕಾಲ ಬರ್ತಿದ್ದಾರೆ. ಎಲ್ಲ ಸೇರಿ ದೋಣೀಲಿ ಹೋಗ್ಲೇಬೇಕು ಅಂತ ಅಮ್ಮಂದು ಒಂದೇ ಹಠ."

ಚಹಾ ಅವನ ಗಂಟಲಲ್ಲಿ ದಾರಿ ತಪ್ಪಿತು. "ಕಲೆ?"

"ತೆಗೆಯೋಣ."

"ಟ್ರೇಲರ್?"

"ಅದಕ್ಕೇ ಬೀದಿಯವ್ರಿಗೆಲ್ಲ ಹೇಳಿ ಕಳ್ಸಿದ್ದೀನಿ. ಒಬ್ರಿಗಲ್ಲ ಒಬ್ರಿಗೆ ಹೊಳೆಯುತ್ತೆ ಬಿಡಿ."

ಮೊದಲು ಗೇಟು ತಳ್ಳಿದವರು ಎದುರುಮನೆಯ ನಿವೃತ್ತ ಮೇಷ್ಟ್ರು. ನೌಕರಿ ಬಿಟ್ಟರೂ ಪದವನ್ನು ಅರ್ಧಕ್ಕೆ ನಿಲ್ಲಿಸಿ ಬಾಕಿಯನ್ನು ಮಕ್ಕಳಿಂದ ಹೇಳಿಸುವ ಚಾಳಿ ಅವರನ್ನು ಬಿಟ್ಟಿರಲಿಲ್ಲ. ಕೋಲಿನಿಂದ ದೋಣಿಯ ಹೊಟ್ಟೆ ತೋರಿಸಿದರು.

"ಈ ಕಂದು ಬಣ್ಣ ಯಾತರದ್ದು? ಕೆರೆ ನೀರಿನಲ್ಲಿ ಇರೋ ಕಬ್ಬಿ...?"

"ಕಬ್ಬಿಣ!" ಎಂದಳು ಹೆಂಡತಿ, ಮುಂದಿನ ಬೆಂಚಿನವಳು.

"ಶಭಾಷ್. ಅದನ್ನ ಕರಗಿಸೋದು ಯಾವುದು? ಆಮ್...?" ಕೋಲು ಕ್ಯಾಪ್ಟನ್ ಕಡೆ ತಿರುಗಿತು.

"ಆಮ್ಲೆಟ್" ಎಂದ ಕ್ಯಾಪ್ಟನ್, ಪಾಠ ಅಲ್ಲಿಗೇ ಮುಗಿಯಲೆಂದು.

"ಆಮ್ಲ! ದಡ್ಡ, ಕೂತ್ಕೋ!"

ಕ್ಯಾಪ್ಟನ್ ತನಗೆ ಗೊತ್ತಿಲ್ಲದೆಯೇ ಕೂತುಬಿಟ್ಟ.

ಅಷ್ಟರಲ್ಲಿ ಮೂಲೆಮನೆಯ ಹಲ್ಲಿನ ಡಾಕ್ಟರು ಬಂದು, ಕತ್ತು ಓರೆ ಮಾಡಿ, ದೋಣಿಯ ಅಡಿಯನ್ನು ಟಾರ್ಚಿನಲ್ಲಿ ನೋಡಿದರು. ಉಗುರಿನಿಂದ ಟಕಟಕ ಬಡಿದರು. "ಹೂಂ... ಕಿಟ್ಟ ಕಟ್ಟಿದೆ. ಹೂಂ... ವಸಡಿನ ಹತ್ರ ಜಾಸ್ತಿ. ಏನೂ ಹೆದರ್ಬೇಡಿ, ಸ್ವಲ್ಪ ಚುರ್ ಅನ್ನುತ್ತೆ ಅಷ್ಟೆ."

"ಯಾರಿಗೆ ಡಾಕ್ಟ್ರೇ?"

"ಅಭ್ಯಾಸ, ಸಾರಿ."

ಹಿಂದೆಯೇ ಬ್ಯೂಟಿ ಪಾರ್ಲರ್ ಅಕ್ಕ. ಅಂಗೈಯಿಂದ ದೋಣಿಯನ್ನು ಮುಟ್ಟಿದವಳೇ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಸ್ಕಿನ್ ಎಷ್ಟು ಒಣಗಿದೇರೀ! ಬಿಸಿಲಿಗೆ ಹೀಗೇ ಬಿಟ್ಟಿದ್ದೀರಾ? ಮಲಗೋಕ್ ಮುಂಚೆ ಏನೂ ಹಚ್ಚಲ್ವಾ?"

ಒಬ್ಬರಿಗೆ ಹಲ್ಲು, ಒಬ್ಬರಿಗೆ ಮುಖ, ಒಬ್ಬರಿಗೆ ಪ್ರಯೋಗಶಾಲೆ. ಕ್ಯಾಪ್ಟನ್‌ಗೆ ಮಾತ್ರ ಅದು ಶವಪೆಟ್ಟಿಗೆ. ಅವನು ಬಾಣ ಹೂಡಿದ. "ಎಲ್ಲ ಸರಿ. ಆಸಿಡ್ ಹಚ್ಚಿ ತೊಳೆಯುವಾಗ ಆ ನೀರು ಟ್ರೇಲರ್ ಸಂದಿಗೊಂದಿಗೆಲ್ಲ ಇಳಿಯುತ್ತಲ್ಲ?"

ಮೂವರೂ ಮುಖ ಮುಖ ನೋಡಿಕೊಂಡರು. ಅವನ ಎದೆ ಇನ್ನೇನು ಹಗುರಾಗಬೇಕು, ಮೇಷ್ಟ್ರು ಕೋಲು ಕುಟ್ಟಿದರು. "ಧಾರಾಳವಾಗಿ ನೀರು ಬಿಡೋಣ. ಪೈಪ್ ಹಿಡಿದು ಹೊಡೀತಾನೇ ಇದ್ರೆ ಆಸಿಡ್ ತೆಳುವಾಗಿ ಕೊಚ್ಕೊಂಡ್ ಹೋಗುತ್ತೆ. ನೀರಿಗೇನು ಬರ? ಕ್ಯಾಪ್ಟನ್ ಮನೆ!"

ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ಬಚ್ಚಲಿಗೆ ಓಡಿದ. ಚಿಲಕ ಹಾಕಿ, ಬೀದಿಬೀದಿಗೆ ನೀರು ಬಿಡುವ ತನ್ನ ಕಚೇರಿಯ ನೀರುಗಂಟಿಗೆ ಫೋನ್ ಹಚ್ಚಿದ.

"ಅಣ್ಣಾ, ನಮ್ ಬೀದಿ ವಾಲ್ವ್ ಮುಚ್ಚಿಬಿಡು."

"ಯಾಕೆ ಸಾರ್? ಜನ ದೂರು ಕೊಟ್ರೆ?"

"ದೂರು ತಗೊಳ್ಳೋ ಟೇಬಲ್‌ನಲ್ಲಿ ಕೂರೋನು ಯಾರು?"

"ನೀವೇ."

"ಮುಚ್ಚು."

ಅವನು ಹೊರಬರುವಷ್ಟರಲ್ಲಿ ಅಂಗಳದ ನಲ್ಲಿ ಮುದುಕನಂತೆ ಕೆಮ್ಮಿ, ಗೊರಗೊರ ಎಂದು, ಪ್ರಾಣ ಬಿಟ್ಟಿತು. ಕ್ಯಾಪ್ಟನ್ ಮುಖದಲ್ಲಿ ದುಃಖ ತಂದುಕೊಂಡ. "ಛೆ, ಛೆ. ನಮ್ ಇಲಾಖೆ ಹಣೇಬರಹಾನೇ ಇಷ್ಟು. ಇನ್ನೊಂದ್ ರಜಾ ದಿನ ನೋಡೋಣ."

ಆದರೆ ನೀರು ನಿಂತ ಮನೆಯಲ್ಲಿ ಕೆಲಸವೂ ನಿಲ್ಲುತ್ತದೆ ಎಂಬುದು ಆ ನೀರಿನ ಗುಮಾಸ್ತನ ತಲೆಗೆ ಬಂದಿರಲಿಲ್ಲ. ಒಗೆಯುವವರು ಬಟ್ಟೆ ಬಿಟ್ಟರು, ತೊಳೆಯುವವರು ಪಾತ್ರೆ ಬಿಟ್ಟರು. ನೀರಿನ ಕಚೇರಿಯವನನ್ನು ಬೈಯಲು ಇಡೀ ಬೀದಿಯೇ ಅವನ ಅಂಗಳಕ್ಕೆ ನಡೆದು ಬಂತು. ಬಂದವರಿಗೆ ದೋಣಿ ಕಂಡಿತು. ಕೈ ಖಾಲಿಯಿತ್ತು. ತೋಳು ಮಡಿಸಿದರು.

"ನೀರಿಲ್ಲದೆ ಹೇಗ್ರೀ ಮಾಡೋದು?" ಎಂದು ಕ್ಯಾಪ್ಟನ್ ಕೂಗಿಕೊಂಡ.

"ನೀರಿಲ್ದಿದ್ದೇ ಒಳ್ಳೇದಾಯ್ತು!" ಎಂದಳು ಪಾರ್ಲರ್ ಅಕ್ಕ. "ನಮ್ಮಲ್ಲಿ ನಲ್ಲಿ ಕೈ ಕೊಟ್ಟ ದಿನ ಏನ್ ಮಾಡ್ತೀವಿ? ದಪ್ಪಗೆ ಪ್ಯಾಕ್ ಹಾಕಿ, ಒದ್ದೆ ಬಟ್ಟೇಲಿ ಒರೆಸಿ ತೆಗೀತೀವಿ. ಹನಿ ಬೀಳಲ್ಲ. ಮುಖದಿಂದ ಕತ್ತಿಗೆ ಇಳಿದ್ರೆ ಅದು ಪ್ಯಾಕ್ ಅಲ್ಲ, ಗಂಜಿ."

ಮೇಷ್ಟ್ರು ಹಳೆಯ ಶಾಲೆಯಿಂದ ಆಕ್ಸಾಲಿಕ್ ಆಸಿಡ್ ಪುಡಿ ತರಿಸಿದರು. ಅಕ್ಕ ಅದನ್ನು ಮೈದಾ ಹಿಟ್ಟಿನಲ್ಲಿ ಕಲಸಿ ಮುದ್ದೆ ಮಾಡಿದಳು. ಡಾಕ್ಟರು ರೋಗಿಗಳ ಕೊರಳಿಗೆ ಕಟ್ಟುವ ಪ್ಲಾಸ್ಟಿಕ್ ಬಿಬ್‌ಗಳನ್ನು ಕಟ್ಟುಗಟ್ಟಲೆ ತಂದು ಟ್ರೇಲರ್‌ನ ಕಾಲು, ಕೈ, ಕುತ್ತಿಗೆ ಎಲ್ಲಕ್ಕೂ ಬಿಗಿದರು. ಅದರ ಮೇಲೆ, ಬಿಂದಿಗೆಯ ತಳದಲ್ಲಿ ಉಳಿದಿದ್ದ ನೀರಿಗೆ ಅಡುಗೆ ಸೋಡಾ ಕದಡಿ, ಅದರಲ್ಲಿ ಅದ್ದಿ ಹಿಂಡಿದ ಟವೆಲ್‌ಗಳು.

"ಅಕಸ್ಮಾತ್ ಆಮ್ಲ ಬಿದ್ರೂ ಅದನ್ನ ಸುಮ್ಮನಾಗಿಸೋದು ಯಾವುದು? ಕ್ಷಾ...?"

"ಕ್ಷಾರಾ!" ಎಂದಿತು ಇಡೀ ಬೀದಿ.

ಟ್ರೇಲರ್ ಊಟಕ್ಕೆ ಕೂತ ಕೂಸಿನಂತೆ ಕಂಡಿತು. ಅದರ ಮೇಲೆ ದೋಣಿ, ಮುಖಕ್ಕೆ ಪ್ಯಾಕ್ ಹಾಕಿಸಿಕೊಂಡು ಕಣ್ಣು ಮುಚ್ಚಿದ ಸಾಹುಕಾರತಿ. ನೀರು ನಿಲ್ಲಿಸದೇ ಇದ್ದಿದ್ದರೆ ಪೈಪು ಹಿಡಿದು ಟ್ರೇಲರ್ ಕೆಡಿಸಿರುತ್ತಿದ್ದರು. ಅವನ ಎರಡನೆಯ ಬಾಣವನ್ನು ಅವನೇ ಮುರಿದಿದ್ದ.

ಪ್ಯಾಕ್ ಒರೆಸಿದ ಕಡೆಯೆಲ್ಲ ಹಾಲಿನಂಥ ಬಿಳಿ ಹೊರಬೀಳತೊಡಗಿತು. ಕ್ಯಾಪ್ಟನ್‌ಗೆ ಕೆರೆಯ ಅಲೆಗಳು ಕಿವಿಯಲ್ಲೇ ಕೇಳಿಸಿದವು. ಎಲ್ಲರಿಗೂ ಚಹಾ ತರುವ ನೆಪದಲ್ಲಿ ಕೆಟಲ್ ಎತ್ತಿಕೊಂಡು ಬಂದು, ಇಲ್ಲದ ಕಲ್ಲಿಗೆ ಎಡವಿ, ಅಷ್ಟನ್ನೂ ದೋಣಿಯ ಮೇಲೆ ಸುರಿದ.

"ಪಾಪ, ನಮ್ಮವ್ರಿಗೆ ಖುಷಿಗೆ ಕೈಕಾಲೇ ನಿಲ್ತಿಲ್ಲ" ಎಂದಳು ಹೆಂಡತಿ. ಅಕ್ಕ ಒಂದು ಬಟ್ಟೆಯಲ್ಲಿ ಒರೆಸಿಯೇ ಬಿಟ್ಟಳು.

ಕಡೆಯ ಯತ್ನವೆಂದು ಅವನು ಬೂಟ್ ಪಾಲಿಶ್ ಡಬ್ಬಿ ಜೇಬಿಗಿಳಿಸಿ ದೋಣಿಯ ಆಚೆ ಬದಿಗೆ ನುಸುಳಿದ. ಕಂದು ಪಾಲಿಶನ್ನು ಎರಡೂ ಕೈಯಿಂದ ಮೆತ್ತಿದ. ಹಳೆಯ ಕಲೆಗೆ ಅಪ್ಪನಂಥ ಹೊಸ ಕಲೆ.

"ಏನ್ರೀ ಇದು?" ಬೆನ್ನಹಿಂದೆ ಡಾಕ್ಟರು.

"ಅದು... ಮೇಣ..."

ಅಕ್ಕ ಓಡಿಬಂದು ಉಜ್ಜಿದಳು. ಕಂದು ಬಟ್ಟೆಗೆ ಬಂತು. ಮೇಣ ದೋಣಿಗೆ ಉಳಿಯಿತು. ಅಲ್ಲಿ ಅಕ್ಕನ ಮುಖ ಕಾಣಿಸಿತು. "ಕಲೆ ತೆಗೆದ್ಮೇಲೆ ಮೇಣ ಹಚ್ಚಬೇಕು ಅಂತ ನಮಗ್ಯಾರಿಗಾದ್ರೂ ಹೊಳೀತಾ? ಕ್ಯಾಪ್ಟನ್‌ಗೆ ಹೊಳೀತು!"

ಹೊಳೆಯಿತು, ದೋಣಿಯೂ. ಮನೆಮನೆಯಿಂದ ಬಣ್ಣವಿಲ್ಲದ ಪಾಲಿಶ್ ಬಂತು. ಸಂಜೆಯ ಹೊತ್ತಿಗೆ ದೋಣಿಯನ್ನು ನೋಡಿ ತಲೆ ಬಾಚಿಕೊಳ್ಳಬಹುದಿತ್ತು. ಇಬ್ಬರು ಬಾಚಿಕೊಂಡರು ಕೂಡ. ಬಿಬ್ ಬಿಚ್ಚಿದರೆ ಟ್ರೇಲರ್ ಅಂಗಡಿಯಿಂದ ಬಂದ ಹಾಗಿತ್ತು.

ಸರಿಯಾಗಿ ಆಗಲೇ ಮಾವ, ಅತ್ತೆ ಬಂದಿಳಿದರು.

"ನೋಡಿದ್ರಾ! ಅಳಿಯ ಅಂದ್ರೆ ಹೀಗಿರ್ಬೇಕು!" ಎಂದು ಅತ್ತೆ ಕೈ ತಟ್ಟಿದರು.

ಮಾವ ತಟ್ಟಲಿಲ್ಲ. ಒಗೆದು ಹಿಂಡಿದ ಬಟ್ಟೆಯಂತಾಯಿತು ಅವರ ಮುಖ. ದೋಣಿಯನ್ನು ಸುತ್ತು ಹಾಕಿದರು. ಬೆರಳಾಡಿಸಿದರು. ಮಂಡಿಯೂರಿ, ಏನೋ ಒಂದು ಆಸೆಯಿಂದ ಟ್ರೇಲರ್‌ನ ಅಡಿಯನ್ನೆಲ್ಲ ನೋಡಿದರು. ಎದ್ದವರೇ ಅಳಿಯನ ತೋಳು ಹಿಡಿದು ದೋಣಿಯ ಮರೆಗೆ ಎಳೆದರು.

"ಏನ್ ಮಾಡ್ಬಿಟ್ರಿ ಅಳಿಯಂದ್ರೇ!"

"ಯಾಕ್ ಮಾವ? ಟ್ರೇಲರ್‌ಗೆ ಒಂದು ಗೀರೂ..."

"ಟ್ರೇಲರ್ ಹಾಳಾಗ್ಲಿ! ಕಲೆ ಎಲ್ಲಿ?"

"ಹೋ... ಹೋಯ್ತು."

"ನಾನು ವರ್ಷಗಟ್ಟಲೆ ಸಾಕಿದ ಕಲೆ ಕಣ್ರೀ ಅದು! ಪಾಚಿ ಒಣಗದ ಹಾಗೆ ದೂರ ನಿಂತು ನೀರು ಚಿಮುಕಿಸ್ತಿದ್ದೆ. ನಿಮ್ಮತ್ತೆ ಕೆರೆ ಅಂದಾಗೆಲ್ಲ ಕಲೆ ಅಂತಿದ್ದೆ. ಅವಳು ಆಸಿಡ್ ತಂದ್ಲು. ನಾನು ಈ ಸತುವಿನ ಟ್ರೇಲರ್ ತಂದೆ, ಆಸಿಡ್ ಮುಟ್ಟಿಸೋ ಹಾಗಿಲ್ಲ ಅಂತ. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ದೋಣೀನೇ ನಿಮ್ಮ ತಲೆಗೆ ಕಟ್ಟಿ ಕೈ ತೊಳ್ಕೊಂಡೆ."

"ಅಂದ್ರೆ ಮಾವ... ನಿಮ್ಗೂ ನೀರು..."

"ಕೈ ತೊಳ್ಕೊಂಡೆ ಅಂದಿದ್ದೂ ಮಾತಿಗೆ. ಬೋಗುಣಿ ಕಂಡ್ರೂ ಎದೆ ನಡುಗುತ್ತೆ."

ಕ್ಯಾಪ್ಟನ್‌ಗೆ ಕಾಲಿಗೆ ಬೀಳಬೇಕೋ ಕತ್ತು ಹಿಸುಕಬೇಕೋ ತಿಳಿಯಲಿಲ್ಲ. ಎರಡಕ್ಕೂ ಹೊತ್ತಿರಲಿಲ್ಲ. ಮಾವ ಕಣ್ಣು ಮಿಟುಕಿಸಿ ಟ್ರೇಲರ್‌ನ ಚಕ್ರದ ಕಡೆ ತೋರಿಸಿದರು. ಅಳಿಯ ಒಂದು ಕಡೆ, ಮಾವ ಒಂದು ಕಡೆ ಕುಕ್ಕರಗಾಲಲ್ಲಿ ಕೂತು ಗಾಳಿಯ ಮುಚ್ಚಳ ಬಿಚ್ಚಿ ಒತ್ತಿದರು. ಭುಸ್ಸ್... ಎರಡು ಹಾವು ಒಟ್ಟಿಗೆ ನಿಟ್ಟುಸಿರು ಬಿಟ್ಟಂತಾಯಿತು.

ಮಾವ ಹೊರಬಂದು ಗಂಟಲು ಸರಿಮಾಡಿಕೊಂಡರು. "ಎಂಥಾ ದುರದೃಷ್ಟ! ಎರಡೂ ಚಕ್ರ ಕೂತ್ಬಿಟ್ಟಿದೆ. ದೋಣಿ ಅಲ್ಲಾಡೋ ಹಾಗಿಲ್ಲ. ನಡೀರಿ, ಒಳಗೆ ಹೋಗಿ ಆರಾಮಾಗಿ ಮಾತಾಡೋಣ."

ಮೇಷ್ಟ್ರು ಕೋಲೆತ್ತಿದರು.

"ಬೀದೀಲಿ ಯಾರ ಮನೇಲೂ ನೀರಿಲ್ಲ. ಬಿಂದಿಗೆ, ಕೊಡ ಹಿಡ್ಕೊಂಡು ನಾವೆಲ್ಲ ಈಗ ಎಲ್ಲಿಗೆ ಹೊರಟಿದ್ದೀವಿ? ಕೆ...?"

"ಕೆರೆಗೆ!"

"ಅಂದ್ಮೇಲೆ ದೋಣೀನ ಏನ್ ಮಾಡೋಣ? ಹೊ...?"

"ಹೊತ್ಕೊಂಡ್ ಹೋಗೋಣ!"

ಬೇಡಿ ಎನ್ನುವಷ್ಟರಲ್ಲಿ ದೋಣಿ ಬೀದಿಯವರ ಹೆಗಲ ಮೇಲಿತ್ತು. ಕ್ಯಾಪ್ಟನ್ ನಡೆದು ಬರುವುದೇ, ದೋಣಿ ಕೊಟ್ಟ ಹಿರಿಯರು ನಡೆದು ಬರುವುದೇ ಎಂದು ಅತ್ತೆ ಹೇಳಿದ್ದೇ ಸಾಕಾಯಿತು. ನಾಲ್ಕು ಕೈಗಳು ಅವರಿಬ್ಬರನ್ನೂ ಎತ್ತಿ ಒಳಗೆ ಕೂರಿಸಿದವು. ಮುಂದೆ ಮೇಷ್ಟ್ರ ಕೋಲು, ಹಿಂದೆ ಖಾಲಿ ಕೊಡಗಳ ಸದ್ದು. ಹೆಂಡತಿ ಅಮ್ಮನ ಕೈಹಿಡಿದು, ನೋಡಿದವರಿಗೆಲ್ಲ, "ನಮ್ಮವ್ರು, ನಮ್ಮಪ್ಪ" ಎಂದು ತೋರಿಸುತ್ತ ನಡೆದಳು. ಹೆಗಲುಗಳ ಎತ್ತರ ಒಂದೊಂದು ಥರವಿದ್ದುದರಿಂದ ದೋಣಿ ನೆಲದ ಮೇಲೆಯೇ ತೂಗಾಡತೊಡಗಿತು. ಒಳಗೆ ಇಬ್ಬರೂ ಒಬ್ಬರ ಬೆರಳೊಳಗೆ ಒಬ್ಬರು ಬೆರಳು ಹೆಣೆದುಕೊಂಡರು.

"ಅಳಿಯಂದ್ರೇ, ನಾನು ಕಣ್ಣು ಮುಚ್ಚಿದ್ದೀನಿ. ಕೆರೆ ಬಂದ ತಕ್ಷಣ ಹೇಳಿ" ಎಂದರು ಮಾವ, ತುಟಿಯಲ್ಲೇ.

"ಹೇಗ್ ಹೇಳ್ಲಿ ಮಾವ?" ಎಂದ ಕ್ಯಾಪ್ಟನ್. "ನಾನು ಗೇಟು ದಾಟುವಾಗ್ಲೇ ಮುಚ್ಚಿದ್ದೀನಿ."