ಬೇಬಿ ಹೇಳಿದ ಹಾಗೇ ಮಾಡಿದೆ!

"ಮಹಾಲಯ ಅಮಾವಾಸ್ಯೆಯೊಳಗೆ ಈ ಪೆಟ್ಟಿಗೆ ಮಾತಾಡುತ್ತೆ, ಹಾಡುತ್ತೆ, ಗುಂಡು ಹಾರಿಸುತ್ತೆ! ಇಲ್ದಿದ್ರೆ ನಾನು ಇಂಜಿನಿಯರ್ ಗುರುಚರಣನೇ ಅಲ್ಲ!"

ಸ್ಕ್ರೂಡ್ರೈವರನ್ನು ಗದೆಯ ಹಾಗೆ ಹೆಗಲ ಮೇಲಿಟ್ಟುಕೊಂಡು ಗುರುಚರಣ ಈ ಭೀಷ್ಮಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ತುಂಗಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

ಚೆನ್ನೈಯ ಪಲ್ಲಾವರಂನ ಶುಕ್ರವಾರದ ಸಂತೆಗೆ ಅವನನ್ನು ಕಳಿಸಿದ್ದು ನೆಲ್ಲಿಕಾಯಿ ಉಪ್ಪಿನಕಾಯಿಗೆ ಒಂದು ಜಾಡಿ ತರಲು. ಅವನು ತಂದದ್ದು ಆಳೆತ್ತರದ ವಿಡಿಯೋ ಗೇಮ್ ಮೆಷಿನ್! ಯಾವುದೋ ಕಾಲದಲ್ಲಿ ನಾಣ್ಯ ನುಂಗಿ ನುಂಗಿ ದಣಿದು, ಈಗ ಸತ್ತು ಮಲಗಿದ್ದು. ನಾಲ್ಕು ಜನ ಹೆಣ ಹೊತ್ತಂತೆ ಹೊತ್ತು ತಂದು ಹಾಲಿನ ಮೂಲೆಯಲ್ಲಿ ನಿಲ್ಲಿಸಿ ಹೋದರು. ಚಿಕ್ಕಂದಿನಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಇಂಥದೇ ಪೆಟ್ಟಿಗೆಯ ಮುಂದೆ ಗುರುಚರಣ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನಪ್ಪ ನಾಣ್ಯ ಕೊಡುವ ಬದಲು ಕಿವಿ ಹಿಂಡಿ ಎಳೆದುಕೊಂಡು ಹೋಗಿದ್ದರು. ಆ ಕಿಚ್ಚು ಇನ್ನೂ ಆರಿರಲಿಲ್ಲ.

"ಅದು ಬೊಂಬೆ ಕೂಡಿಸೋ ಮೂಲೆ ರೀ!" ಎಂದಳು ತುಂಗಾ.

ಮಾತು ಸಣ್ಣದಲ್ಲ. ತುಂಗಾಳ ತವರಿನವರು ಮೂರು ತಲೆಮಾರಿನಿಂದ ಮದರಾಸಿನವರು. ಅಜ್ಜಿಯ ಕಾಲದ ನವರಾತ್ರಿ ಬೊಂಬೆಗಳನ್ನು ಅವಳ ಅಮ್ಮ ವೃಂದಾ ಈ ವರ್ಷ ಮಗಳ ಕೈಗೆ ಒಪ್ಪಿಸುವವರಿದ್ದರು. ಆದರೆ ಅಮಾವಾಸ್ಯೆಯ ದಿನ ಬಂದು ಜಾಗ ನೋಡಿಯೇ ಒಪ್ಪಿಸುವುದು! ಜಾಗ ಸರಿ ಇಲ್ಲದಿದ್ದರೆ ಪೆಟ್ಟಿಗೆ ಸಮೇತ ಬೊಂಬೆಗಳು ನುಂಗಂಬಾಕ್ಕಂನಲ್ಲಿರುವ ಅತ್ತಿಗೆಯ ಮನೆಗೆ. ಆ ಅತ್ತಿಗೆ ಈಗಾಗಲೇ ಬೊಂಬೆಯ ಮೆಟ್ಟಿಲಿಗೆ ಬಣ್ಣ ಬಳಿಸಿ ಕಾಯುತ್ತಿದ್ದಾಳೆಂದು ಸುದ್ದಿ ಬಂದಿತ್ತು.

"ಯೋಚ್ನೆ ಮಾಡ್ಬೇಡ. ಅಷ್ಟರಲ್ಲಿ ರಿಪೇರಿ ಆಗಿ ಒಳ್ಳೆ ಗಿರಾಕಿಗೆ ಹೋಗಿರುತ್ತೆ!"

"ನೀವಾ? ರಿಪೇರಿನಾ? ಸರಿಯಾಪ್ಪೋಚ್ಚು, ಆಯ್ತು ಕತೆ!"

ಗುರುಚರಣನಿಗೆ ಕೆಲಸ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವನ ಉದ್ಯೋಗ. ತನ್ನ ತಪ್ಪು ಹುಡುಕಿ ಅಭ್ಯಾಸವಿರಲಿಲ್ಲ. ದಿನಾ ಸಂಜೆ ಆಫೀಸಿನಿಂದ ಬಂದವನೇ ಮೆಷಿನ್ನಿನ ಹಿಂದೆ ಸೇರಿಕೊಂಡುಬಿಡುತ್ತಿದ್ದ. ಸೋಫಾದ ಮೇಲೆ ಸರ್ಕ್ಯೂಟ್ ಬೋರ್ಡು, ಟಿ.ವಿ. ಮೇಲೆ ಸ್ಪೀಕರು, ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಯ ಪಕ್ಕದ ಬಟ್ಟಲಲ್ಲಿ ಸ್ಕ್ರೂ!

"ಸಾರಲ್ಲಿ ಏನೋ ಗಟ್ಟಿಯಾಗಿ ಸಿಕ್ತಲ್ಲೇ?"

"ಮೆಣಸಲ್ಲ, ನಿಮ್ಮ ವಾಷರ್. ನುಂಗಿಬಿಡಬೇಡಿ. ಆಮೇಲೆ ಅದಕ್ಕೂ ನಿಮ್ಮನ್ನ ಬಿಚ್ಚಬೇಕಾಗುತ್ತೆ!"

ಅಮಾವಾಸ್ಯೆ ಬಂದೇಬಿಟ್ಟಿತು. ಮೆಷಿನ್ ಕೆಮ್ಮಲೂ ಇಲ್ಲ. ಅಮ್ಮನನ್ನೂ ಬೊಂಬೆಗಳನ್ನೂ ಕರೆತರಲು ಹೊರಟ ತುಂಗಾ ಬಾಗಿಲಲ್ಲಿ ನಿಂತು ಎಚ್ಚರಿಸಿದಳು: "ಆ ಮೆಷಿನ್ ಮಾರಿದವನ ಹತ್ರ ನಾನು ಬಂದ್ಮೇಲೆ ಮಾತಾಡ್ತೀನಿ. ನೀವು ಸುಮ್ಮನೆ ಇರಿ. ನಿಮ್ಮ ತಮಿಳು ನಂಗೆ ಗೊತ್ತು!"

ಎರಡು ವರ್ಷ ಚೆನ್ನೈಯಲ್ಲಿದ್ದು, ಆಟೋದವರ ಹತ್ತಿರ ತಮಿಳಿನಲ್ಲೇ ಜಗಳವಾಡಿ ಸೋತು ಬಂದ ಗಂಡಸಿಗೆ ಹೇಳುವ ಮಾತೇ ಇದು! ಅವಳು ಮೆಟ್ಟಿಲಿಳಿದ ಕೂಡಲೇ ಗುರುಚರಣ ಮಾರಿದವನಿಗೆ ಫೋನ್ ಹಚ್ಚಿದ; ಎರಡು ಗಂಟೆ ಬಿಡದೆ ಹಚ್ಚಿದ ಮೇಲೆ ಅವನು ಸಿಕ್ಕಿದ. ಅವನ ಹೆಸರು ಬೇಬಿ. ಗಾಬರಿ ಬೇಡ. ಗಿರಿಜಾ ಮೀಸೆಯ, ಎಮ್ಮೆಕರುವಿನ ಗಾತ್ರದ ಬೇಬಿ.

ಪ್ಲಗ್ ತೆಗೆದು, ಹಿಂದಿನ ಬಾಗಿಲು ತೆರೆದು, ಮೊಬೈಲನ್ನು ಭುಜಕ್ಕೂ ಕಿವಿಗೂ ಮಧ್ಯೆ ಸಿಕ್ಕಿಸಿಕೊಂಡು ಗುರುಚರಣ ಸಜ್ಜಾದ.

"ಸಾರ್, ಸಿವಪ್ಪು ವಯರ್ ತೆರಿಯುದಾ?"

ಸಿವಪ್ಪು ಎಂದರೆ ಕೆಂಪು, ತೆರಿಯುದಾ ಎಂದರೆ ಕಾಣುತ್ತಾ. ಅಷ್ಟೂ ಗೊತ್ತಿಲ್ಲವೇ! "ತೆರಿಯುದು, ತೆರಿಯುದು!"

"ಅದುಕ್ಕು ಕೀಳೆ!"

ಆಹಾ, ಅಚ್ಚ ಕನ್ನಡ! ಭಾಷೆಗಳು ಅಕ್ಕತಂಗಿಯರೆಂದು ಸುಮ್ಮನೆ ಹೇಳುತ್ತಾರೆಯೇ! ಗುರುಚರಣ ಕೆಂಪು ವೈರನ್ನು ಹಿಡಿದು ಕಿತ್ತ.

"ಆಚ್ಚು! ಅಡುತ್ತು ಪಚ್ಚೈ ವಯರ್!" ಎಂದು ಕೂಗಿದ. ಆಯಿತು, ಮುಂದಿನದು ಹಸಿರು!

"ಅದುಕ್ಕುಂ ಕೀಳೆ ಸಾರ್!"

ಹಸಿರನ್ನೂ ಕಿತ್ತ. "ಅಡುತ್ತು ಮಂಜಳ್!"

"ಇನ್ನುಂ ಕೀಳೆ! ನಲ್ಲಾ ಕೀಳೆ ಪೋಂಗ ಸಾರ್!"

ಇನ್ನೂ ಕೀಳಬೇಕಂತೆ, ಚೆನ್ನಾಗಿ ಕೀಳಬೇಕಂತೆ! ಗುರುಚರಣನಿಗೆ ಆವೇಶ ಬಂತು. ಹಳದಿ, ನೀಲಿ, ಕಪ್ಪು, ಯಾವುದನ್ನೂ ಬಿಡದೆ ತೋಟದ ಕಳೆ ಕಿತ್ತಂತೆ ಕಿತ್ತ. ಬೇಬಿ ಮುಂದೆ ಏನೋ ಹೇಳಲು ಹೊರಟ, ಮೊಬೈಲಿನ ಚಾರ್ಜ್ ಮುಗಿಯಿತು.

ಬೆವರೊರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ತುಂಗಾ! ಅವಳ ಹಿಂದೆ ಅತ್ತೆ ವೃಂದಾ. ಅತ್ತೆಯ ಹಿಂದೆ ಆಟೋದವನ ತಲೆಯ ಮೇಲೆ ಬೊಂಬೆಗಳ ಟ್ರಂಕು.

"ಏನ್ರೀ ಇದು ಅಲಂಗೋಲ, ಅವಾಂತರ!"

"ಬೇಬಿ ಹೇಳಿದ ಹಾಗೇ ಮಾಡಿದೆ!" ಎಂದ ಗುರುಚರಣ ಹೆಮ್ಮೆಯಿಂದ.

ಅತ್ತೆಯ ಹುಬ್ಬು ಹಣೆ ಹತ್ತಿತು. "ಯಾರಪ್ಪಾ ಅದು ಬೇಬಿ?"

"ಮೀಸೆ ಇದೆ ಅತ್ತೆ, ಮೀಸೆ ಇದೆ! ವೈರು ಕೀಳಿ, ಕೀಳಿ ಅಂತ ಅವನೇ ಬಡ್ಕೊಂಡ. 'ಸಿವಪ್ಪು ಕೀಳೆ, ಪಚ್ಚೈ ಕೀಳೆ, ಇನ್ನುಂ ಕೀಳೆ...'"

ತುಂಗಾ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಕರ್ಮವೇ! ತಮಿಳಲ್ಲಿ ಕೀಳೆ ಅಂದ್ರೆ ಕೆಳಗಡೆ ರೀ! ಕೆಂಪು ವೈರ್ ಕೆಳಗಡೆ, ಹಸಿರು ವೈರ್ ಕೆಳಗಡೆ, ಇನ್ನೂ ಕೆಳಗಡೆ!"

ಮೂವರೂ ಬಗ್ಗಿ ನೋಡಿದರು. ಇನ್ನೂ ಕೆಳಗಡೆ, ತಳದ ಹಲಗೆಯ ಮೇಲೆ, ಕಡಲೆಕಾಯಿ ಗಾತ್ರದ ಒಂದು ಫ್ಯೂಸ್ ಸುಟ್ಟು ಕಪ್ಪಗಾಗಿ ಕೂತಿತ್ತು. ಅದೊಂದನ್ನು ಬದಲಾಯಿಸಿದ್ದರೆ ಸಾಕಿತ್ತು!

ತುಂಗಾ ಮತ್ತೆ ಬೈಯಲಿಲ್ಲ. ಟ್ರಂಕನ್ನು ನೋಡಿದಳು, ಮೂಲೆಯನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು. ಬೈದಿದ್ದರೆ ಗುರುಚರಣ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

"ಅತ್ತೆ, ತಪ್ಪೆಲ್ಲಾ ನಂದು. ಬೊಂಬೆ ವಾಪಸ್ ತಗೊಂಡು ಹೋಗ್ಬೇಡಿ. ಈ ಮೆಷಿನ್ ಒಡೆದು ಸೌದೆ ಮಾಡ್ತೀನಿ!"

ವೃಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಗುರುಚರಣ ಹೆದರಿದ. ಅವರು ನಗುತ್ತಿದ್ದರು! "ಕೀಳೆ! ರಾಮ ರಾಮಾ!" ಎಂದು ಟ್ರಂಕಿನ ಮೇಲೆಯೇ ಕುಸಿದು ಕೂತು ಕಣ್ಣೊರೆಸಿಕೊಂಡರು.

"ಒಡೀಬೇಡಿ ಮಾಪ್ಳೆ," ಎಂದರು ಅಳಿಯನಿಗೆ. "ತುಂಗಾ, ಇದರ ಮೇಲೆ ಒಂದು ಒಳ್ಳೆ ರೇಷ್ಮೆ ಸೀರೆ ಹೊದಿಸು. ಪಟ್ಟದ ಬೊಂಬೆ ಮೇಲಿರಲಿ, ಮಿಕ್ಕ ಮೆಟ್ಟಿಲು ಮುಂದಕ್ಕೆ ಜೋಡಿಸೋಣ. ಬೊಂಬೆ ಇಲ್ಲೇ ಇರುತ್ತೆ. ಆದ್ರೆ ಮಾಪ್ಳೆ, ಒಂದು ಕಂಡಿಷನ್. ವಿಜಯದಶಮಿ ದಿನ ಹೇಳ್ತೀನಿ."

"ಏನಾದ್ರೂ ಸರಿ ಅತ್ತೆ! ಕಣ್ಮುಚ್ಚಿ ಒಪ್ಪಿದೆ!"

ನವರಾತ್ರಿಯುದ್ದಕ್ಕೂ ಮನೆ ತುಂಬ ಹೆಂಗಸರು, ಹಾಡು, ಅರಿಶಿನ ಕುಂಕುಮ. ಗುರುಚರಣ ತೆಪ್ಪಗೆ ಕಡಲೆಯ ಸುಂಡಲ್ ಹಂಚಿದ. ಬೊಂಬೆಯ ಅಲಂಕಾರವನ್ನು ಎಲ್ಲರೂ ಹೊಗಳಿದರು, ನುಂಗಂಬಾಕ್ಕಂನ ಅತ್ತಿಗೆಯೂ ಹಲ್ಲು ಕಚ್ಚಿಕೊಂಡು ಹೊಗಳಿದಳು. ತುಂಗಾಳ ಮುಖ ನೋಡಬೇಕಿತ್ತು!

ವಿಜಯದಶಮಿಯ ಬೆಳಗ್ಗೆ ವೃಂದಾ ಬೊಂಬೆಗಳ ಮುಂದೆ ಎರಡು ಮಣೆ ಹಾಕಿ, ಎರಡು ತಟ್ಟೆಯಲ್ಲಿ ಅಕ್ಕಿ ಹರಡಿದರು. ಮೊದಲ ಮಣೆಯ ಮೇಲೆ ಹೊಸ ಲಂಗ ತೊಟ್ಟ ಪಕ್ಕದ ಮನೆಯ ಮೌನ ಎಂಬ ಪುಟ್ಟಿ ಬಂದು ಕೂತಳು. ಅವತ್ತು ಅವಳ ಅಕ್ಷರಾಭ್ಯಾಸ.

"ಇನ್ನೊಂದು ಮಣೆ ಯಾರಿಗೆ ಅತ್ತೆ?"

"ಕೂತ್ಕೊಳ್ಳಿ ಮಾಪ್ಳೆ. ಕಂಡಿಷನ್!"

ಸುತ್ತ ನಿಂತ ಹೆಂಗಸರು ಕಿಸಕ್ಕೆಂದರು. ಇಂಜಿನಿಯರ್ ಗುರುಚರಣ ಪಂಚೆ ಮಡಚಿಕೊಂಡು ಚಕ್ಕಳಮಕ್ಕಳ ಹಾಕಿ ಕೂತ. ಅತ್ತೆ ಅವನ ತೋರುಬೆರಳು ಹಿಡಿದು ಅಕ್ಕಿಯ ಮೇಲೆ ತಮಿಳಿನ 'ಅ' ತಿದ್ದಿಸಿದರು. ಮೌನ ತನ್ನ ತಟ್ಟೆ ಬಿಟ್ಟು ಅವನ ತಟ್ಟೆಯೊಳಗೆ ಬಗ್ಗಿ ನೋಡಿದಳು.

"ಅಂಕಲ್, ನೀಂಗಳುಂ ಎಲ್‌ಕೆಜಿಯಾ?"

ಗುರುಚರಣ ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಉತ್ತರ ಕೊಟ್ಟರು:

"ಇಲ್ಲೆ ಕಣ್ಣಾ. ಅಂಕಲ್ ಪ್ರೀ ಕೆಜಿ!"