ಗೋಳಿನ ಅಳತೆ

ಒಂಬತ್ತನೇ ತರಗತಿಯ ಹುಡುಗಿಯರಲ್ಲಿ ಒಬ್ಬಳೂ ಯಾರನ್ನೂ ಗೋಳು ಹೊಯ್ದುಕೊಳ್ಳುವುದಿಲ್ಲ ಎಂಬ ಫಲಿತಾಂಶ ಬಂದದ್ದೇ ನೆವಿಲ್ ಟ್ರಾಸ್ಕ್‌ನ ಗ್ರಹಚಾರಕ್ಕೆ ಮೂಲವಾಯಿತು. ಅವನು ಆ ಕಡಲತಡಿಯ ಹೈಸ್ಕೂಲಿನ ಆಪ್ತಸಲಹೆಗಾರ. ಬೆಳಿಗ್ಗೆ ಅವನು ಹಂಚಿದ ಪ್ರಶ್ನೆಗಳಿಗೆ ಹುಡುಗರು ಮೆಡಲ್ ಸಿಗುತ್ತದೇನೋ ಎಂಬಂತೆ ಉತ್ತರಿಸಿದ್ದರು: ಹೊಡೆದಿದ್ದೇನೆ, ನೂಕಿದ್ದೇನೆ, ಅಡ್ಡಹೆಸರಿಟ್ಟಿದ್ದೇನೆ. ಹುಡುಗಿಯರ ಹಾಳೆಗಳು ಮಾತ್ರ ಆಗತಾನೆ ಒಗೆದ ಚಾದರದಷ್ಟು ಶುಭ್ರ.

ಪ್ರಿನ್ಸಿಪಾಲ್ ಗ್ಲೆನಿಸ್ ಮೇಡಂ ಹಿಗ್ಗಿ, ಪೋಷಕರಿಗೆಲ್ಲ ತಿಳಿಸಲು ಹೊರಟರು. ಆಟದ ಮೇಷ್ಟ್ರು ಡಾರ್ಸಿ ಮಾತ್ರ ಮಾಂಸದ ಕಡುಬಿನಂಥ ಪೈ ತಿನ್ನುತ್ತ ನಕ್ಕ.

"ಹುಡುಗ್ರು ಎರಡು ಗುದ್ದಿ ಮುಗಿಸ್ತಾರೆ ಕಣಯ್ಯ. ಹುಡುಗೀರು ಕೈ ಎತ್ತೋದೇ ಇಲ್ಲ, ಮಾತು ಬಿಟ್ಟೇ ಸಾಯಿಸ್ತಾರೆ. ನಂಗೆ ಮೂರು ಹೆಣ್ಮಕ್ಕಳು."

ಬೆಳಗಿನ ಸಣ್ಣ ಬಿಡುವಿನಲ್ಲಿ ನೆವಿಲ್ ಮೈದಾನಕ್ಕೆ ಹೋಗಿ ನೋಡಿದ. ಇಮೋಜೆನ್ ಎಂಬ ಹುಡುಗಿ ಬೆಂಚಿನಲ್ಲಿ ಕುಳಿತದ್ದೇ ತಡ, ಉಳಿದ ಹುಡುಗಿಯರೆಲ್ಲ ಗುಬ್ಬಿಗಳಂತೆ ಎದ್ದು ಪಕ್ಕದ ಬೆಂಚಿಗೆ ಹಾರಿದರು. ಒಂದು ಬೈಗುಳವಿಲ್ಲ, ಒಂದು ಏಟಿಲ್ಲ. ಹುಡುಗಿ ತಲೆ ತಗ್ಗಿಸಿ ಸ್ಯಾಂಡ್‌ವಿಚ್ ಬಿಚ್ಚಿದಳು. ತನ್ನ ಪ್ರಶ್ನೆಗಳೆಲ್ಲ ಗಂಡುಹುಡುಗರ ಮುಷ್ಟಿಗೆ ಹೊಲಿದ ಕೈಗವಸು ಎಂದು ನೆವಿಲ್‌ಗೆ ಅರಿವಾಯಿತು.

ಚಿತ್ರಕಲೆಯ ಪೀರಿಯಡ್ ಕಿತ್ತುಕೊಂಡು ಹೊಸ ಪ್ರಶ್ನೆ ಹಂಚಿದ: ಯಾರನ್ನಾದರೂ ಬೇಕೆಂದೇ ದೂರವಿಟ್ಟಿದ್ದೀರಾ? ಪ್ರಿಂಟರ್ ಕೈಕೊಟ್ಟು ಅರ್ಧ ತರಗತಿಗೆ ಶಾಲೆಯ ಬಸ್ಸಿನ ವೇಳಾಪಟ್ಟಿ ಸಿಕ್ಕಿತು. ಮೂರನೇ ಸಲಕ್ಕೆ ಉಳಿದದ್ದು ಊಟದ ವಿರಾಮ. ಗಂಟೆ ಹೊಡೆಯುತ್ತಲೇ ಅವನು ಬಾಗಿಲಿಗೆ ಅಡ್ಡ ನಿಂತ. ಕ್ಯಾಂಟೀನಿನಿಂದ ಬಿಸಿ ಪೈ ವಾಸನೆ ತೇಲಿ ಬಂತು. ಈ ಬಾರಿ ಕಾಟ ಕೊಡುವವರ ಹೆಸರನ್ನೂ ಬರೆಯಬೇಕಿತ್ತು.

ಇಮೋಜೆನ್ ಮೆಲ್ಲಗೆ ಎದ್ದಳು. "ಸರ್, ಹಸ್ಕೊಂಡೋರನ್ನ ಕೂಡಿಹಾಕೋದೂ ಲೆಕ್ಕಕ್ಕೆ ಬರುತ್ತಾ?"

"ಪದೇ ಪದೇ ಮಾಡಿದ್ರೆ, ಬೇಡ ಅಂದ್ರೂ ಬಿಡದಿದ್ರೆ, ಖಂಡಿತ ಬರುತ್ತಮ್ಮ," ಎಂದ ನೆವಿಲ್ ಶ್ರದ್ಧೆಯಿಂದ.

ತರಗತಿಯೆಲ್ಲ ಬೆಂಚು ಕುಟ್ಟಿತು. ಬೆಳಿಗ್ಗೆ ಬೆಂಚು ಬಿಟ್ಟು ಎದ್ದು ಹೋಗಿದ್ದವಳೊಬ್ಬಳು ಇಮೋಜೆನ್ ಕಡೆ ಬಾಗಿ, "ಸಖತ್ತಾಗಿ ಕೇಳ್ದೆ ಕಣೇ," ಎಂದಳು.

ಸಂಜೆ ಗ್ಲೆನಿಸ್ ಮೇಡಂ ಹಾಳೆಗಳನ್ನು ಮುಂದಿಟ್ಟರು. ಹುಡುಗ ಹುಡುಗಿಯರ ನಡುವೆ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಎಲ್ಲರೂ ಬರೆದದ್ದು ಒಂದೇ ಹೆಸರು: ಟ್ರಾಸ್ಕ್. ಹಾಗೆ ಹೆಸರು ಬಂದವರು ಆಪ್ತಸಲಹೆಗಾರರನ್ನು ಕಾಣಲೇಬೇಕೆಂಬ ನಿಯಮ ಮಾಡಿಸಿದವನೂ ಅವನೇ.

"ಅಂದ್ರೆ ನಾನು ನನ್ನ ಹತ್ರಾನೇ ಹೋಗ್ಬೇಕಾ ಮೇಡಂ?"

"ಅದು ಪಕ್ಷಪಾತ ಆಗುತ್ತಪ್ಪ. ಡಾರ್ಸಿ ಹತ್ರ ಹೋಗು."

ಕಿಟಕಿಯಾಚೆ, ಹುಡುಗಿಯರ ಗುಂಪಿನ ನಟ್ಟನಡುವೆ ಇಮೋಜೆನ್ ಬಾಗಿಲಿಗೆ ಅಡ್ಡ ನಿಲ್ಲುವ ನೆವಿಲ್‌ನನ್ನು ಅಣಕಿಸಿ ತೋರಿಸುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನೆವಿಲ್‌ಗೂ ನಗು ಉಕ್ಕಿತು. ಅಷ್ಟರಲ್ಲಿ ಡಾರ್ಸಿ ಬಂದು ಹೆಗಲ ಮೇಲೆ ಕೈಯಿಟ್ಟು, ಅತ್ಯಂತ ಮೃದುವಾಗಿ ಕೇಳಿದ:

"ಹೇಳು ಮಗು, ಮನೇಲಿ ಎಲ್ಲಾ ಸರಿ ಇದೆಯಾ?"