ಗೇಟಿನ ಚಾನೆಲಿನಲ್ಲಿ ಹಳದಿ ಪೇಟದ ಸಿಪಾಯಿ

ಕುಲಶೇಖರದ ಮೊಂತೇರೊ ಮನೆತನವೆಂದರೆ ಸಾಮಾನ್ಯವೇ? ಮುತ್ತಜ್ಜ ಸಾಲ್ವದೋರ್, ನೆರೆ ಬಂದ ನೇತ್ರಾವತಿಯಲ್ಲಿ ಹಂಚು ತುಂಬಿದ ದೋಣಿಯನ್ನು ಒಂದೇ ಜಲ್ಲೆಯಿಂದ ದಡ ಮುಟ್ಟಿಸಿದವರು. ಒಡೆದದ್ದು ಒಂದೇ ಹಂಚು, ಅದೂ ಧಣಿಯ ತಲೆಯ ಮೇಲೆ! ಅಜ್ಜ ಬಸ್ತ್ಯಾಂವ್, ಕಾಡುಹಂದಿಯನ್ನು ಕೋವಿ ಇಲ್ಲದೆ ಬರೀ ಬೈಗುಳದಲ್ಲೇ ಓಡಿಸಿದವರು. ತಂದೆ ಲಾದ್ರು, ಇಗರ್ಜಿಯ ಗಡಿಯಾರ ಬಿಚ್ಚಿ ಜೋಡಿಸಿದಾಗ ಮೂರು ಹಲ್ಲುಚಕ್ರ ಮಿಕ್ಕಿದ್ದವು. ಆದರೂ ಗಡಿಯಾರ ಮೊದಲಿಗಿಂತ ಜೋರಾಗಿಯೇ ಓಡಿತು!

ಇಂಥ ವಂಶದ ಕುಡಿ ಪಿಯುಸ್ ಬಾಬ್. ವಯಸ್ಸು ಅರುವತ್ತಾರು. ಇವರ ಸಾಹಸ ತೊಂಬತ್ತೊಂದನೇ ಇಸವಿಯದು, ಸೌದಿಯ ದಮ್ಮಾಮಿನ ಕಂಪನಿ ಕ್ಯಾಂಪಿನದು. ಟೀವಿಗೆ ಸಿಕ್ಕಿಸಿ ಆಡುವ ಕೋಟೆಯ ಆಟದಲ್ಲಿ ಹಳದಿ ಪೇಟದ ಪುಟ್ಟ ಸಿಪಾಯಿಯನ್ನು ಏಳು ಹಂತ ದಾಟಿಸಿ, ಸೆರೆಯಲ್ಲಿದ್ದ ಆನೆಮರಿಯನ್ನು ಬಿಡಿಸಿದ್ದರು. ಅದೂ ಒಂದೇ ಜೀವದಲ್ಲಿ! ಈ ಕಥೆಯನ್ನು ಅವರ ಅಪಾರ್ಟ್‌ಮೆಂಟಿನ ಒಂಬತ್ತು ಮನೆಯವರೂ ಲಿಫ್ಟಿನಲ್ಲಿ ಕೇಳಿದ್ದರು, ಕ್ರಿಸ್ಮಸ್ಸಿನಲ್ಲಿ ಕೇಳಿದ್ದರು, ಒಮ್ಮೆ ಸತ್ತವರ ಬೊಜ್ಜದ ಊಟದ ಪಂಕ್ತಿಯಲ್ಲೂ ಕೇಳಿದ್ದರು.

ಕೊನೆಗೆ ಸಂಘದ ಕಾರ್ಯದರ್ಶಿ ಲೆಸ್ಟರ್ ಒಂದು ದಿನ ಹೇಳಿಯೇಬಿಟ್ಟ. "ಪಿಯುಸ್ ಬಾಬ್, ಬರುವ ಭಾನುವಾರ ಸಂಜೆ ನಮ್ಮ ವಾರ್ಷಿಕೋತ್ಸವ ಉಂಟು. ಆ ಆಟ ಇನ್ನೊಮ್ಮೆ ಗೆದ್ದು ವಿಡಿಯೋ ಮಾಡಿ ತನ್ನಿ, ಸ್ಟೇಜಿನಲ್ಲಿ ತೋರಿಸುವ. ಶಾಲು ಹೊದಿಸ್ತೇವೆ."

"ಒಂದೇ ಜೀವದಲ್ಲಿ ಗೆದ್ದು ತೋರಿಸ್ತೇನೆ! ಇಲ್ಲದಿದ್ದರೆ ನಾನು ಲಾದ್ರುವಿನ ಮಗನೇ ಅಲ್ಲ!"

ಹೇಳಿದ್ದು ಬಾಯಿ. ಬೆವರಿದ್ದು ಬೆನ್ನು. ಏಕೆಂದರೆ ಆನೆಮರಿಯನ್ನು ಬಿಡಿಸಿದವನು ಕೊಠಡಿಯ ಗೆಳೆಯ ಅರಾಫತ್. ಪಿಯುಸ್ ಬಾಬ್ ಪಕ್ಕದಲ್ಲಿ ಕೂತು ಕಡಲೆ ಸುಲಿದು ಕೊಟ್ಟವರು. ಊರಿಗೆ ಬಂದವರು ಮೊದಲು "ನಾವು ಗೆದ್ದೆವು" ಎಂದರು. ಮದುವೆಯ ಹೊತ್ತಿಗೆ ಅದು "ನಾನು ಗೆದ್ದೆ" ಎಂದಾಯಿತು. ಹೆಂಡತಿ ಮಗ್ದಲೀನ್ ನಂಬಿದರು. ನಂಬಿದ್ದಷ್ಟೇ ಅಲ್ಲ, ಮೂವತ್ತು ವರ್ಷ ಹೋದಲ್ಲೆಲ್ಲ ಹೊಗಳಿದರು. ಈಗ ಅವರೆದುರು ನಿಜ ಹೇಳುವುದಕ್ಕಿಂತ ಕಾಡುಹಂದಿಯೇ ವಾಸಿ!

ಪಿಯುಸ್ ಬಾಬ್ ಕೊಡಿಯಾಲ್‌ಬೈಲಿನ ಅಂಗಡಿಯಿಂದ ಅಂಗೈಯಗಲದ ಪೆಟ್ಟಿಗೆಯೊಂದನ್ನು ತಂದರು. ಅದರೊಳಗೆ ಎಮ್ಯುಲೇಟರ್. ಅಂದರೆ, ಶಾಲೆಯ ಮಾಸ್ತರು ಬಣ್ಣ ಹಚ್ಚಿ ಮಹಿಷಾಸುರನಾಗುವ ಹಾಗೆ, ಹಳೆಯ ಯಂತ್ರದ ವೇಷ ಹಾಕಿ ಕುಣಿಯುವ ಹೊಸ ಯಂತ್ರ. ಅದರಲ್ಲೊಂದು 'ಸೇವ್' ಗುಂಡಿ. ಒತ್ತಿಟ್ಟರೆ, ಸಿಪಾಯಿ ಸತ್ತಾಗ ಒತ್ತಿದ ಜಾಗದಿಂದಲೇ ಎದ್ದು ಬರುತ್ತಾನೆ. ನೂರು ಸಲ ಸತ್ತರೂ ವಿಡಿಯೋದಲ್ಲಿ ಸಾವಿನ ತುಂಡುಗಳನ್ನು ಕತ್ತರಿಸಿದರಾಯಿತು, ಒಂದೇ ಜೀವ!

ಮನೆಯ ಡಬ್ಬದಂಥ ಹಳೇ ಟೀವಿಗಿದ್ದದ್ದು ಆಂಟೆನಾದ ಒಂದೇ ತೂತು. ಆಟದ ಚಿತ್ರವನ್ನು ಆ ತೂತಿಗೆ ಹೊಂದಿಸುವ ಇನ್ನೊಂದು ಪೆಟ್ಟಿಗೆಯೂ ಬಂತು. ತೂತಿನಲ್ಲಿ ಮೊದಲೇ ಗೋಡೆಯ ಕೇಬಲ್ ಇತ್ತು. ಅದನ್ನು ಕೀಳುವ ಹಾಗಿಲ್ಲ. ಅದರಲ್ಲೇ ಗೇಟಿನ ಚಾನೆಲ್ ಬರುತ್ತಿದ್ದದ್ದು. ಗೇಟಿನ ಕ್ಯಾಮೆರಾ ಕಂಡದ್ದನ್ನು ಎಲ್ಲ ಮನೆಯ ಟೀವಿಗೂ ಹರಿಸುವ ಏರ್ಪಾಡು ಅದು. ಕಳ್ಳರನ್ನು ಹಿಡಿಯಲು ಹಾಕಿಸಿದ್ದು, ಹೆಂಗಸರು ಹಿಡಿಯುತ್ತಿದ್ದದ್ದು ಜಮಾಲುದ್ದೀನನ ಮೀನಿನ ಬೈಕನ್ನು. ಬೈಕಿನ ಮೂತಿ ಟೀವಿಯಲ್ಲಿ ಕಂಡ ಕೂಡಲೇ ಒಂಬತ್ತು ಪಾತ್ರೆಗಳು ಮೆಟ್ಟಿಲಿಳಿಯುತ್ತಿದ್ದವು.

"ಕೇಬಲಿನ ವಿಲ್ಸನ್ನನ್ನು ಕರೀರಿ ಮಾರಾಯ್ರೆ," ಎಂದರು ಮಗ್ದಲೀನ್.

"ನಾಲ್ಕು ವಯರ್ ಚುಚ್ಚಲಿಕ್ಕೆ ವಿಲ್ಸನ್ ಎಂತಕ್ಕೆ?"

ಭಾನುವಾರ ಬೆಳಿಗ್ಗೆ ಪಿಯುಸ್ ಬಾಬ್ ತಾವೇ ಚುಚ್ಚಿದರು. ಆಟ ಟೀವಿಗೆ ಬಂತು. ಅಷ್ಟಕ್ಕೇ ನಿಲ್ಲದೆ ಗೋಡೆಯ ಕೇಬಲಿನೊಳಗೂ ನುಗ್ಗಿತು. ಗೇಟಿನ ಚಿತ್ರವನ್ನು ಒದ್ದು ಹೊರಹಾಕಿ, ಒಂಬತ್ತೂ ಮನೆಗಳ ಟೀವಿಯಲ್ಲಿ ಪಟ್ಟಕ್ಕೇರಿತು! ಇದು ಇಡೀ ಕಟ್ಟಡಕ್ಕೆ ಗೊತ್ತಾಯಿತು, ಅವರೊಬ್ಬರನ್ನು ಬಿಟ್ಟು.

ಇಗರ್ಜಿಯ ಪೂಜೆ ಮುಗಿಸಿ ಬಂದ ಮಗ್ದಲೀನ್, ಮನೆಯ ಟೀವಿ ಆಟಕ್ಕೆ ಹೋದದ್ದರಿಂದ, ಮೀನು ಕಾಯಲು ಕೆಳಮನೆಯ ಗುಲಾಬಿಯಕ್ಕನಲ್ಲಿಗೆ ಹೋದರು. ಪಿಯುಸ್ ಬಾಬ್ ಬಾಗಿಲು ಹಾಕಿ ಕೂತರು. ಮೊದಲ ಹಂತ ಹೇಗೋ ದಾಟಿತು. ಎರಡನೆಯದರಲ್ಲಿ ಒಂದು ಹೊಂಡ. ಹಾರುವ ಗಡಿಬಿಡಿಯಲ್ಲಿ ಬೆರಳು ಜಾರಿತು, ಸಿಪಾಯಿ ಅರ್ಧ ಬಿದ್ದಿರುವಾಗಲೇ ಸೇವ್ ಒತ್ತಿಹೋಯಿತು! ಇನ್ನೇನು? ಸಿಪಾಯಿ ಸಾಯುವುದು, ಎದ್ದರೆ ಹೊಂಡದ ನಡುವೆಯೇ ಏಳುವುದು, ಮತ್ತೆ ಬೀಳುವುದು. ಮೊದಲಿನಿಂದ ಆಡೋಣವೆಂದರೆ ಸಂಜೆಗೆ ಮುಗಿಯದು. ಬೆರಳು ಚುರುಕಾದರೆ ಗಾಳಿಯಲ್ಲೇ ಹಾರಿಸಿಬಿಡಬಹುದೆಂದು ಪಿಯುಸ್ ಬಾಬ್ ಹಠ ಹಿಡಿದರು.

ಸೋಜಿಗವೆಂದರೆ, ಸಿಪಾಯಿ ಬಿದ್ದಾಗಲೆಲ್ಲ ಕೆಳಗಿನಿಂದ "ಛೆ ಛೆ ಛೆ!" ಎಂದು ಹತ್ತಾರು ಕಂಠ. 'ಕ್ರಿಕೆಟ್ಟಿನಲ್ಲಿ ವಿಕೆಟ್ ಹೋಗ್ತಾ ಉಂಟು, ಪಾಪ,' ಅಂದುಕೊಂಡರು. ಹನ್ನೊಂದನೇ ವಿಕೆಟ್ ಬಿದ್ದಾಗಲೂ ಸಂಶಯ ಬರಲಿಲ್ಲ!

ಫೋನ್ ಬಂತು. ಮಗ್ದಲೀನ್.

"ಎಂತ ಮಾಡ್ತಾ ಇದ್ದೀರಿ?"

"ಐದನೇ ಹಂತ! ಈಗ ಮಾತಾಡಿಸಬೇಡ."

"ಐದನೆಯದಾ?"

"ಐದು! ಒಂದು ಜೀವವೂ ಹೋಗಲಿಲ್ಲ. ದಮ್ಮಾಮಿನ ಕೈ ಇದು, ಮರೆತೀತಾ?"

 ಗಂಡಹೆಂಡಿರನ್ನು ಪೊರ್ಬುಗಳು, ಬಾಯಮ್ಮ ಎಂದೇ ಕರೆಯುವ ಗುಲಾಬಿಯಕ್ಕನ ದನಿ ಆಚೆಯಿಂದ ಕೇಳಿಸಿತು. "ಬಾಯಮ್ಮ, ಪೊರ್ಬುಗಳಿಗೆ ಹೇಳಿ, ಸ್ವಲ್ಪ ಹಿಂದಿನಿಂದ ಓಡಿ ಬಂದು ಹಾರ್ಲಿಕ್ಕೆ!"

"ಎಲ್ಲಿಗೆ ಹಾರುವುದು?" ಪಿಯುಸ್ ಬಾಬ್ ಫೋನನ್ನು ಕಿವಿಗೆ ಒತ್ತಿಹಿಡಿದರು.

"ಈಗ ಬಿದ್ದಿರಲ್ಲ, ಆ ಹೊಂಡ," ಎಂದರು ಮಗ್ದಲೀನ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ನಲವತ್ತೊಂದು ಸಲ ಆಯ್ತು. ಗುಲಾಬಿಯಕ್ಕ ಕ್ಯಾಲೆಂಡರಿನಲ್ಲಿ ಗೆರೆ ಎಳೀತಾ ಇದ್ದಾರೆ. ಬಿದ್ದವನು ಏಳುವಾಗ ಪ್ರತಿ ಸಲವೂ 'ಸೇವ್' ಅಂತ ದೊಡ್ಡ ಅಕ್ಷರ ಬರ್ತದೆ. ಅದು ಎಂತ ಅಂತ ಲೆಸ್ಟರ್ ಎಲ್ಲರಿಗೂ ವಿವರಿಸಿದ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಸರಿ. ಪಿಯುಸ್ ಬಾಬ್ ಸ್ಟೇಜು ಹಾಕಿ ಕುಡಿದಿದ್ದರು!

ಅಷ್ಟರಲ್ಲಿ ಬಾಗಿಲು ದಡದಡ. ತೆರೆದರೆ ಲೆಸ್ಟರ್, ಮಗ್ದಲೀನ್, ಗುಲಾಬಿಯಕ್ಕ, ಹಿಂದೆ ಮೆಟ್ಟಿಲುದ್ದಕ್ಕೂ ಖಾಲಿ ಪಾತ್ರೆಗಳ ಮೆರವಣಿಗೆ.

"ಪೊರ್ಬುಗಳೇ," ಗುಲಾಬಿಯಕ್ಕ ಪಾತ್ರೆ ಬಡಿದರು, "ನಿಮ್ಮ ಸಿಪಾಯಿಯನ್ನು ನೋಡ್ತಾ ಕೂತು ಜಮಾಲುದ್ದೀನ್ ಬಂದದ್ದು ಯಾರಿಗೂ ಕಾಣಲಿಲ್ಲ. ಹಾರ್ನ್ ಹೊಡೆದು ಹೊಡೆದು ಕದ್ರಿಗೆ ಹೋದನಂತೆ. ಕಾಣೆ ಮೀನು ಇತ್ತಂತೆ, ಮಾರಾಯ್ರೆ, ಕಾಣೆ! ಭಾನುವಾರ ನಾವು ಎಂತ ತಿನ್ನುವುದು? ಸೌತೆಕಾಯಿಯಾ?"

ಮೊಂತೇರೊ ವಂಶದಲ್ಲೇ ಮೊದಲ ಬಾರಿಗೆ ಒಂದು ತಲೆ ತಗ್ಗಿತು. ಪಿಯುಸ್ ಬಾಬ್ ಹೆಂಡತಿಯ ಮುಖ ನೋಡಲಾರದೆ ಅವರ ಚಪ್ಪಲಿಯನ್ನು ನೋಡುತ್ತ ಹೇಳಿದರು. "ಆವತ್ತು ಗೆದ್ದದ್ದು ಅರಾಫತ್. ನಾನು ಕಡಲೆ ಸುಲಿದದ್ದು."

ಗುಲಾಬಿಯಕ್ಕ ಪಾತ್ರೆಯನ್ನು ಕೆಳಗಿಟ್ಟರು.

"ಮೂವತ್ತು ವರ್ಷ," ಎಂದರು ಮಗ್ದಲೀನ್ ಮೆಲ್ಲಗೆ. "ನನ್ನ ತಮ್ಮನ ಮದುವೆಯ ಟೋಸ್ಟಿನ ಭಾಷಣದಲ್ಲೂ ಇದನ್ನೇ ಹೇಳಿದೆನಲ್ಲ. ನನಗಾದರೂ ಹೇಳಬಹುದಿತ್ತು." ಆಮೇಲೆ ಸೆರಗಿನಿಂದ ಗಂಡನ ಹಣೆಯ ಬೆವರು ಒರೆಸಿದರು. ಪಿಯುಸ್ ಬಾಬರಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಉರಿಯಿತು.

ಟೀವಿಯಲ್ಲಿ ಸಿಪಾಯಿ ಇನ್ನೂ ಬೀಳುತ್ತಲೇ ಇದ್ದ. ಲೆಸ್ಟರನಿಗೂ ಕನಿಕರ ಬಂತು. ಚಪ್ಪಲಿ ಕಳಚಿ ಒಳಗೆ ಬಂದು ಕೈ ಚಾಚಿದ.

"ಕೊಡಿ ಇಲ್ಲಿ ಪಿಯುಸ್ ಬಾಬ್. ಈ ಹೊಂಡ ಒಂದನ್ನು ನಾನು ದಾಟಿಸಿಕೊಡ್ತೇನೆ. ಸಂಜೆಗೆ ಸ್ವಲ್ಪವಾದರೂ ಮರ್ಯಾದೆ ಉಳಿದೀತು."

ಪಿಯುಸ್ ಬಾಬ್ ಆಟದ ಗುಂಡಿಗಳಿದ್ದ ಹಿಡಿಕೆಯನ್ನು ಎದೆಗವಚಿಕೊಂಡರು.

"ಬೇಡ ಲೆಸ್ಟರ್. ಬೀಳ್ಲಿಕ್ಕೆ ನನಗೆ ಯಾರ ಸಹಾಯವೂ ಬೇಡ. ಈ ಆಟದಲ್ಲಿ ನಾನು ನಿಜವಾಗಿ ಸ್ವಂತ ಕಲಿತದ್ದು ಅಂತ ಇರುವುದು ಅದೊಂದೇ!"